ಮಗಳಿಗೆ ತಂದ ಉಪ್ಪುಕಂಡ

“ಇನ್ನು ಮುಂದಿನದನ್ನು ಡಾಕ್ಟರ್ ರಂಜನಿ ಹೇಳುತ್ತಾರೆ” ಎಂದು ಊನಾ ತಮ್ಮವರ ಕಡೆ ತಿರುಗಿ ಹೇಳಿದಾಗ ರಂಜನಿಯ ಬೆನ್ನು ತಾನಾಗಿಯೇ ನೆಟ್ಟಗಾಯಿತು. ಮ್ಯಾನ್‌ಹಟನ್ ಹತ್ತಿರದ ನೆವಾರ್ಕ್ ವಿಮಾನ ನಿಲ್ದಾಣದಲ್ಲಿ, ಪ್ರಯಾಣಿಕರ ಪೆಟ್ಟಿಗೆಗಳು ಸುತ್ತುತ್ತ ಬರುವ ಹಾಲಿನ ಒಂದು ಪಕ್ಕಕ್ಕೆ, ಐರ್ಲೆಂಡಿನಿಂದ ಬಂದ ಏಳು ಮಂದಿ ಪಶುವೈದ್ಯರು ಪ್ರವಾಸ ಹೊರಟ ಶಾಲೆ ಮಕ್ಕಳ ಹಾಗೆ ಒತ್ತಿಕೊಂಡು ನಿಂತಿದ್ದರು. ಎದುರಿಗೆ ಕಸ್ಟಮ್ಸ್‌ನವರ ಸ್ಟೀಲ್ ಮೇಜುಗಳು, ಎಕ್ಸ್‌ರೇ ಯಂತ್ರ, ಕೈಗವಸಿನ ಡಬ್ಬಗಳು. ಯಾವ ಚೀಲವನ್ನು ಯಾಕೆ ತೆರೆಸುತ್ತಾರೆ, ತೆರೆಸಿದ ಮೇಲೆ ಏನು ನೋಡುತ್ತಾರೆ ಎನ್ನುವುದನ್ನು ರಂಜನಿ ಹೇಳತೊಡಗಿದಳು. ಏಳು ಜನರೂ ಬರೆದುಕೊಳ್ಳತೊಡಗಿದರು.

ಅವಳನ್ನು ಯಾರಾದರೂ ಡಾಕ್ಟರ್ ಎಂದು ಕರೆದು ಎಂಟು ವರ್ಷವಾಗಿತ್ತು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಓದಿ, ಮಳವಳ್ಳಿ ಕಡೆ ಎರಡು ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿ ಎತ್ತು ಎಮ್ಮೆಗಳಿಗೆ ಸೂಜಿ ಚುಚ್ಚಿ, ಕಶ್ಯಪ್‌ನನ್ನು ಮದುವೆಯಾಗಿ ಅವಳು ನೆವಾರ್ಕ್ ಹತ್ತಿರದ ಮೆಟುಚೆನ್ನಿಗೆ ಬಂದಿದ್ದಳು. ಇಲ್ಲಿ ಒಂದು ಕುರಿಮರಿಯನ್ನು ಮುಟ್ಟಬೇಕಾದರೂ ಇಲ್ಲಿಯ ಪರೀಕ್ಷೆ ಪಾಸಾಗಬೇಕು. ಎರಡು ಸಲ ಕೂತಳು, ಎರಡು ಸಲವೂ ಕೈಕೊಟ್ಟಿತು. ಮೂರನೆಯ ಸಲಕ್ಕೆ ಪುಸ್ತಕಗಳನ್ನು ಅಟ್ಟದ ಮೇಲೆ ಹಾಕಿ, ಪಾರ್ಸಿಪನಿಯ ಒಂದು ಕನ್ಸಲ್ಟಿಂಗ್ ಕಂಪನಿಗೆ ಸೇರಿಕೊಂಡಳು. ಹೊರದೇಶದಿಂದ ಬರುವ ಮಾಂಸ, ಹಾಲು, ಮೊಟ್ಟೆಗಳನ್ನು ಹೇಗೆ ತಪಾಸಣೆ ಮಾಡಬೇಕು ಎಂದು ಕೈಪಿಡಿ ಬರೆಯುವ ಕೆಲಸ. ಕುರಿ ಮುಟ್ಟುವ ಹಾಗಿಲ್ಲ, ಕುರಿಯ ಬಗ್ಗೆ ಬರೆಯಬಹುದು. ಅದಾದರೂ ಇದೆಯಲ್ಲ ಎಂದುಕೊಂಡಿದ್ದಳು.

ಬ್ರಿಟನ್ನಿನವರು ಯೂರೋಪಿನ ಒಕ್ಕೂಟ ಬಿಟ್ಟುಹೋಗುತ್ತೇವೆಂದು ಹಟ ಹಿಡಿದದ್ದು ಅವಳ ಪಾಲಿಗೆ ಅದೃಷ್ಟವಾಗಿ ಬಂತು. ಅವರು ಹೊರಡಲು ಇನ್ನು ಆರು ವಾರ. ಪಕ್ಕದ ಮನೆಯವನು ಕೂಡುಕುಟುಂಬದಿಂದ ಪಾಲು ತೆಗೆದುಕೊಂಡು ಹೋಗುತ್ತಾನೆಂದರೆ ನಡುವೆ ಬೇಲಿ ಯಾರು ಹಾಕಬೇಕು, ಎಲ್ಲಿ ಹಾಕಬೇಕು ಎಂಬ ಜಗಳ ಇದ್ದದ್ದೇ. ಆದರೆ ಒಪ್ಪಂದವಿಲ್ಲದೆ ಎದ್ದುಹೋದರೆ, ಇಷ್ಟು ವರ್ಷ ಯಾರೂ ತಡೆಯದೆ ಬರುತ್ತಿದ್ದ ಮಾಂಸ, ಹಾಲು, ಬೆಣ್ಣೆಯನ್ನೆಲ್ಲ ಒಂದೇ ರಾತ್ರಿಯಿಂದ ಬಿಚ್ಚಿ ನೋಡಬೇಕಾಗುತ್ತದೆ. ಐರ್ಲೆಂಡಿನ ಸರ್ಕಾರ ಅದಕ್ಕೆ ತಯಾರಾಗುತ್ತಿತ್ತು. ಬಂದರುಗಳಲ್ಲಿ ಶೆಡ್ಡು ಕಟ್ಟಿಸುತ್ತಿತ್ತು, ಹೊಸಬರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಿತ್ತು, ಮುಂದೆ ಆ ಹೊಸಬರಿಗೆ ಕಲಿಸಬೇಕಾದ ಹಳಬರನ್ನು ಅಲ್ಲಲ್ಲಿಗೆ ಕಲಿಯಲು ಕಳಿಸುತ್ತಿತ್ತು. ಆ ಹಳಬರಲ್ಲಿ ಏಳು ಜನ ರಂಜನಿಯ ಕಂಪನಿಗೆ ಬಂದಿದ್ದರು. ಅವಳ ಮ್ಯಾನೇಜರ್ ಕುನಾಲ್ ಆ ಕೆಲಸವನ್ನು ಹೇಗೆ ಗಿಟ್ಟಿಸಿದನೋ, ಅವನಿಗೇ ಗೊತ್ತು.

ಅವರ ಮುಖ್ಯಸ್ಥೆ ಊನಾ, ಐವತ್ತೈದು ದಾಟಿದ ಹೆಂಗಸು, ಗಡಿಯ ಪಕ್ಕದ ಹಳ್ಳಿಯವರು. ಸೋಮವಾರ ಪಾರ್ಸಿಪನಿಯ ಮೀಟಿಂಗ್ ರೂಮಿನಲ್ಲಿ ಅವರು ಒಂದು ಪ್ರಶ್ನೆ ಕೇಳಿದ್ದರು. ತಂಗಿ ಗಡಿಯಾಚೆ, ಬ್ರಿಟನ್ನಿಗೆ ಸೇರಿದ ನೆಲದಲ್ಲಿ ಇದ್ದಾಳೆ, ಪ್ರತಿ ಭಾನುವಾರ ಊಟಕ್ಕೆ ಬರುವಾಗ ತನ್ನ ಮಂದೆಯ ಕುರಿಮಾಂಸ ಹಿಡಿದುಕೊಂಡು ಬರುತ್ತಾಳೆ. ಏಪ್ರಿಲ್‌ನಿಂದ ಅವಳ ಬುಟ್ಟಿಯನ್ನೂ ನಾನು ತೆರೆಸಬೇಕೇನು ಎಂದು. ಎಲ್ಲರೂ ನಕ್ಕರು. ರಂಜನಿ ಮಾತ್ರ ನಗದೆ ಉತ್ತರ ಕೊಟ್ಟಳು. ನಮ್ಮವರ ಬುಟ್ಟಿಯನ್ನು ಮೊದಲು ತೆರೆಸಿದರೆ ಉಳಿದವರು ತಾವಾಗಿ ತೆರೆಯುತ್ತಾರೆ. ಕಾಲುಬಾಯಿ ರೋಗಕ್ಕೆ ತಂಗಿ, ಅಕ್ಕ ಗೊತ್ತಾಗುವುದಿಲ್ಲ ಎಂದಳು. ರೂಮೆಲ್ಲ ಚಪ್ಪಾಳೆ ತಟ್ಟಿತು. ಬುಧವಾರ ಊನಾ ಅವಳನ್ನು ಪಕ್ಕಕ್ಕೆ ಕರೆದು, ಆರು ತಿಂಗಳ ಮಟ್ಟಿಗೆ ಡಬ್ಲಿನ್ನಿಗೆ ಬರಲು ಒಪ್ಪುತ್ತೀರಾ ಎಂದು ಕೇಳಿದರು. ಕೈಪಿಡಿ ಬರೆಯಲು ಅಲ್ಲ, ಪಶುವೈದ್ಯೆಯಾಗಿ ಕಲಿಸಲು. ರಂಜನಿ ಆ ರಾತ್ರಿ ಕಶ್ಯಪ್‌ಗೂ ಹೇಳದೆ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಅತ್ತಿದ್ದಳು. ಸಂತೋಷಕ್ಕೆ.

ಇದು ಶುಕ್ರವಾರ. ಅಂದು ಅವರು ಸೀಕಾಕಸ್‌ನ ಒಂದು ಕೋಲ್ಡ್ ಸ್ಟೋರೇಜ್ ನೋಡಬೇಕಿತ್ತು. ಅಲ್ಲಿಯ ಯಂತ್ರ ಕೆಟ್ಟು, ಎರಡು ದಿನದ ಹಿಂದೆ ಕುನಾಲ್ ಯಾರನ್ನೋ ಹಿಡಿದು ವಿಮಾನ ನಿಲ್ದಾಣಕ್ಕೆ ಅನುಮತಿ ತಂದಿದ್ದ. ರಂಜನಿ ಈ ಬದಲಾವಣೆಯನ್ನು ಕಶ್ಯಪ್‌ಗೆ ಹೇಳಿರಲಿಲ್ಲ. ಕಾರಣವಿತ್ತು. ಅವತ್ತೇ ಮಧ್ಯಾಹ್ನ ಅವಳ ತಾಯಿ ದೇವಮ್ಮ ಬೆಂಗಳೂರಿನಿಂದ ಫ್ರಾಂಕ್‌ಫರ್ಟ್ ಮೇಲೆ ಬಂದು ಅದೇ ನಿಲ್ದಾಣದಲ್ಲಿ ಇಳಿಯುವವಳಿದ್ದಳು. ಕರೆದುಕೊಂಡು ಹೋಗಲು ಕಶ್ಯಪ್ ಹೊರಗೆ ಬಂದಿರುತ್ತಾನೆ. ತಾನು ಒಳಗಿನಿಂದಲೇ ಅವ್ವನ ಕೈ ಹಿಡಿದುಕೊಂಡು ಹೊರಗೆ ಬಂದರೆ ಅವನ ಮುಖ ಹೇಗಾಗಬಹುದು ಎಂದು ನೆನೆದು ಬೆಳಗ್ಗೆಯಿಂದ ಒಬ್ಬಳೇ ನಗುತ್ತಿದ್ದಳು. ಎಂಟು ವರ್ಷಕ್ಕೆ ಮೊದಲ ಸಲ ಅವ್ವ ಬರುತ್ತಿದ್ದಾಳೆ. ತನ್ನನ್ನು ಡಾಕ್ಟರ್ ಎಂದು ಕರೆಯುವವರ ನಡುವೆ ನಿಂತಿರುವುದನ್ನು ನೋಡಲಿ ಎಂಬ ಆಸೆಯೂ ಇತ್ತು. ಕುರಿ ಸಾಕಿ ಸಾಕಿ ಮಗಳನ್ನು ಕುರಿ ಡಾಕ್ಟರು ಮಾಡಿದವಳು, ಅವಳಿಗಲ್ಲದೆ ಇನ್ನು ಯಾರಿಗೆ ತೋರಿಸಬೇಕು?

ಅವ್ವನನ್ನು ಕರೆಸಿಕೊಂಡದ್ದಕ್ಕೆ ಬೇರೆ ಕಾರಣವಿತ್ತು. ಮೂರು ತಿಂಗಳ ಹಿಂದೆ ರಂಜನಿಯ ಹೊಟ್ಟೆಯಲ್ಲಿದ್ದದ್ದು ನಿಲ್ಲಲಿಲ್ಲ. ಹದಿನಾಲ್ಕು ವಾರ ಆಗಿತ್ತು. ಇಲ್ಲಿಯ ಡಾಕ್ಟರು ಮೂರು ದಿನ ರಜೆ ಹಾಕಿ ಸಾಕು ಎಂದರು. ದೇವಮ್ಮ ಮಾತ್ರ ಹೋದದ್ದೂ ಹೆರಿಗೆಯೇ, ಮೈಯಿಗೆ ಆರೈಕೆ ಬೇಕು ಎಂದು ಫೋನಿನಲ್ಲಿ ಹಟ ಹಿಡಿದಳು. ಅರವತ್ತೊಂದನೆಯ ವಯಸ್ಸಿಗೆ ಪಾಸ್‌ಪೋರ್ಟ್ ಮಾಡಿಸಿ, ಚೆನ್ನೈಗೆ ಹೋಗಿ ವೀಸಾ ತಂದಳು. ಇಂಗ್ಲಿಷ್ ಒಂದಕ್ಷರ ಬಾರದ ತಾಯಿಗೆ ರಂಜನಿ ಒಂದು ತಿಂಗಳು ವಾಟ್ಸಾಪಿನಲ್ಲಿ ಪಾಠ ಮಾಡಿದ್ದಳು. ವಿಮಾನ ಇಳಿದ ಮೇಲೆ ಸಮವಸ್ತ್ರದವರು ಏನೇನೋ ಕೇಳುತ್ತಾರೆ, ಗಾಬರಿ ಬೀಳಬೇಡ, ಏನು ಕೇಳಿದರೂ ನೋ ಸರ್ ಅನ್ನು, ಓನ್ಲಿ ಕ್ಲಾತ್ಸ್ ಅನ್ನು, ಮುಗಿಯಿತು. ದೇವಮ್ಮ ಕೊಟ್ಟಿಗೆಯಲ್ಲಿ ಕುರಿಗಳಿಗೂ ಅದನ್ನೇ ಹೇಳಿ ಹೇಳಿ ಬಾಯಿಪಾಠ ಮಾಡಿದ್ದಳಂತೆ. ಶಾಸ್ತ್ರ ಹೇಳೋದು ಬದನೆಕಾಯಿ ತಿನ್ನೋದು ಎಂಬ ಮಾತು ಇಂಥವರಿಗಾಗಿಯೇ ಹುಟ್ಟಿರಬೇಕು. ಹಗಲೆಲ್ಲ ಪಾರ್ಸಿಪನಿಯಲ್ಲಿ ಕೂತು, ಇರುವುದನ್ನು ಇದೆ ಎಂದು ಹೇಳಿದವರಿಗೆ ಶಿಕ್ಷೆ ಇಲ್ಲ, ಮುಚ್ಚಿಟ್ಟವರಿಗೆ ಮಾತ್ರ ಎಂದು ಬರೆಯುತ್ತಿದ್ದವಳೇ ರಾತ್ರಿ ತಾಯಿಗೆ ನೋ ಅನ್ನಲು ಕಲಿಸುತ್ತಿದ್ದಳು. ಅದು ಅವಳಿಗೆ ಆಗ ತಪ್ಪು ಅನಿಸಲೇ ಇಲ್ಲ.

ತಾಯಿಯ ಪೆಟ್ಟಿಗೆಯಲ್ಲಿ ಏನಿದೆ ಎಂದು ಅವಳು ಕೇಳಿರಲಿಲ್ಲ. ಏನೂ ತರಬೇಡ ಎಂದು, ಎಲ್ಲ ಹೆಣ್ಣುಮಕ್ಕಳೂ ಹೇಳುವಂತೆ, ಹೇಳಿದ್ದಳು. ಅದನ್ನು ಯಾವ ತಾಯಿಯೂ ಕೇಳುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅದಕ್ಕಿಂತ ಮುಖ್ಯವಾಗಿ, ಜನವರಿಯಲ್ಲಿ ಜ್ವರ ಬಂದು ಮಲಗಿದ್ದಾಗ, ಬಾಯಿ ಕೆಟ್ಟುಹೋಗಿದೆ, ಉಪ್ಪುಕಂಡದ ಸಾರು ಸಿಕ್ಕಿದ್ದರೆ ಎದ್ದು ಕೂರುತ್ತಿದ್ದೆ ಎಂದು ಫೋನಿನಲ್ಲಿ ಅಂದವಳೂ ಅವಳೇ.

ಹಸಿರು ಅಂಗಿ ತೊಡಿಸಿದ ಬೀಗಲ್ ನಾಯಿಯೊಂದು ಪೆಟ್ಟಿಗೆಗಳ ನಡುವೆ ಮೂಸುತ್ತ ಬಂತು. ಐರ್ಲೆಂಡಿನವರು ಬರೆಯುವುದನ್ನು ಬಿಟ್ಟು ಅದನ್ನೇ ನೋಡತೊಡಗಿದರು. ನಾಯಿ ಒಂದು ಗಾಡಿಯನ್ನು ದಾಟಿ ಮುಂದೆ ಹೋಗಿ, ಮತ್ತೆ ಹಿಂದಕ್ಕೆ ಬಂದು, ಆ ಗಾಡಿಯ ಪಕ್ಕ ಮರ್ಯಾದಸ್ಥನ ಹಾಗೆ ಕೂತುಬಿಟ್ಟಿತು. ಬೊಗಳಲಿಲ್ಲ, ಕಚ್ಚಲಿಲ್ಲ. ಏನೋ ಇದೆ ಎಂದು ಹೇಳುವ ರೀತಿ ಅದು ಎಂದು ರಂಜನಿ ವಿವರಿಸಿದಳು. ವಿವರಿಸುತ್ತಲೇ ಗಾಡಿಯ ಮೇಲಿನ ಕಂದು ಪೆಟ್ಟಿಗೆಯನ್ನು ನೋಡಿದಳು. ಅದಕ್ಕೆ ಮದುವೆಮನೆಯ ಗುಲಾಬಿ ರಿಬ್ಬನ್ನು ಎರಡು ಸುತ್ತು ಬಿಗಿದಿತ್ತು. ಪೆಟ್ಟಿಗೆಯ ಹಿಂದೆ ಅವ್ವ ನಿಂತಿದ್ದಳು.

ಹತ್ತಿ ಸೀರೆಯ ಮೇಲೆ ಗಂಡಸರ ಸ್ವೆಟರು. ಕಾಲಿಗೆ ಬೂದು ಬಣ್ಣದ ಕಾಲುಚೀಲ, ಅದರ ಮೇಲೆ ರಬ್ಬರ್ ಚಪ್ಪಲಿ. ತಲೆಗೆ ಬಿಗಿಯಾಗಿ ಸುತ್ತಿದ ಟವೆಲು. ಇಪ್ಪತ್ತಾರು ಗಂಟೆ ಕೂತು ಬಂದ ಮುಖ ಊದಿಕೊಂಡಿತ್ತು. ನಾಯಿಯನ್ನು ನೋಡಿ ಅವಳು ಊರಿನಲ್ಲಿ ಮಾಡುವ ಹಾಗೆ ಹಚಾ ಎಂದು ಕೈ ಬೀಸಿದಳು. ಐರ್ಲೆಂಡಿನವರಲ್ಲಿ ಒಬ್ಬಳಿಗೆ ನಗು ಬಂತು. ಆ ನಗುವಿನಲ್ಲಿ ಕೆಡುಕೇನೂ ಇರಲಿಲ್ಲ. ಆದರೂ ಅದು ರಂಜನಿಯ ಕಿವಿಗೆ ಬಿದ್ದ ಕ್ಷಣದಲ್ಲೇ ಅವಳ ಕಾಲು ಅರ್ಧ ಹೆಜ್ಜೆ ಹಿಂದಕ್ಕೆ ಹೋಯಿತು. ಕೆಲಸ ಹೋದೀತು, ಡಬ್ಲಿನ್ ತಪ್ಪೀತು ಎಂಬ ಹೆದರಿಕೆಯೆಲ್ಲ ಆಮೇಲೆ ಹುಡುಕಿಕೊಂಡ ನೆಪ. ಮೊದಲು ಬಂದದ್ದು ಆ ಅರ್ಧ ಹೆಜ್ಜೆ. ಅದನ್ನು ಅವಳು ಆಮೇಲೆ ಎಷ್ಟು ಸಲ ನೆನೆದರೂ ಬೇರೆ ಯಾವ ಕಾರಣವೂ ಸಿಗಲಿಲ್ಲ.

ಅಧಿಕಾರಿ ಎತ್ತರದ ಮನುಷ್ಯ, ಮೆತ್ತಗೆ ಮಾತಾಡುವವನು. ಮಾಂಸ, ಹಣ್ಣು, ಗಿಡ, ಬೀಜ ಏನಾದರೂ ಇದೆಯೇ ಎಂದು ಕೇಳಿದ. ದೇವಮ್ಮ ಟವೆಲು ಸರಿಮಾಡಿಕೊಂಡು, ಇನ್ಸ್‌ಪೆಕ್ಟರ ಮುಂದೆ ಪದ್ಯ ಒಪ್ಪಿಸುವ ಮಗುವಿನಂತೆ ನಿಂತು ಹೇಳಿದಳು.

“ನೋ ಸರ್. ಓನ್ಲಿ ಕ್ಲಾತ್ಸ್.”

ಅವನು ಇನ್ನೊಮ್ಮೆ ಕೇಳಿದ. ಅವಳು ಇನ್ನೊಮ್ಮೆ ಅದನ್ನೇ ಹೇಳಿದಳು, ಈ ಸಲ ಇನ್ನೂ ಸ್ಪಷ್ಟವಾಗಿ. ಪೆಟ್ಟಿಗೆ ಮೇಜಿನ ಮೇಲೆ ಬಂತು, ರಿಬ್ಬನ್ನು ಕತ್ತರಿಸಿದರು. ಸೀರೆಗಳ ಕೆಳಗೆ ನಾಲ್ಕು ದೊಡ್ಡ ರಾಗಿಹಿಟ್ಟಿನ ಪೊಟ್ಟಣಗಳಿದ್ದವು. ಅವುಗಳಲ್ಲಿ ಎರಡನ್ನು ಎಕ್ಸ್‌ರೇಗೆ ಹಾಕಿದಾಗ ಪರದೆಯ ಮೇಲೆ ಹಿಟ್ಟಿನೊಳಗೆ ಏನೋ ಗಂಟುಗಂಟಾಗಿ ಕಂಡಿತು. ಇದನ್ನು ನಾವೇ ಏರ್ಪಾಟು ಮಾಡಿದ್ದರೂ ಇಷ್ಟು ಚೆನ್ನಾಗಿ ಬರುತ್ತಿರಲಿಲ್ಲ ಎಂದು ಕುನಾಲ್ ಅವಳ ಕಿವಿಯಲ್ಲಿ ಪಿಸುಗುಟ್ಟಿದ. ಅಧಿಕಾರಿ ಏನೇ ಕೇಳಿದರೂ ದೇವಮ್ಮ ನೋ ಸರ್ ಎನ್ನುತ್ತಿದ್ದಳು. ಫೋನಿನಲ್ಲಿ ದುಭಾಷಿಯನ್ನು ಹಿಡಿಯಬೇಕು, ಅರ್ಧ ಗಂಟೆಯಾದರೂ ಬೇಕು ಎಂದು ಅವನು ಗೊಣಗಿದ. ಪಾಸ್‌ಪೋರ್ಟ್ ತಿರುವಿ ನೋಡಿ, ಬೆಂಗಳೂರಿನ ಕಡೆಯವರು, ಇಲ್ಲಿ ಯಾರಿಗಾದರೂ ಇವರ ಭಾಷೆ ಬರುತ್ತದೆಯೇ ಎಂದು ಸುತ್ತ ನೋಡಿದ. ಊನಾ ಸಂತೋಷದಿಂದಲೇ ಹೇಳಿದರು, ನಮ್ಮ ಡಾಕ್ಟರ್ ಇದ್ದಾರಲ್ಲ ಎಂದು.

ಅಲ್ಲಿಯವರೆಗೆ ದೇವಮ್ಮ ಈ ಗುಂಪಿನ ಕಡೆ ನೋಡಿರಲಿಲ್ಲ. ಈಗ ಎಲ್ಲರೂ ತಿರುಗಿದ ಕಡೆ ತಿರುಗಿದಳು. ಮಗಳನ್ನು ಕಂಡಳು. ಆ ಊದಿದ ಮುಖ ಅರಳಿದ ರೀತಿಯನ್ನು ಹೇಳಲು ಬರುವುದಿಲ್ಲ. ಬಾಯಿ ಅರ್ಧ ತೆರೆಯಿತು, ಕೈ ಮೇಜಿನ ಮೇಲಿಂದ ಎದ್ದಿತು. ರಂಜನಿ ಮುಂದೆ ಬಂದು ನಿಂತು, ಅವ್ವ ಬಾಯಿ ತೆರೆಯುವ ಮೊದಲೇ, ತಾನು ಮಾತಾಡಿಬಿಟ್ಟಳು.

“ನಮಸ್ಕಾರ. ನೀವು ಕನ್ನಡ ಮಾತಾಡ್ತೀರಾ?”

ದೇವಮ್ಮನ ಕೈ ಗಾಳಿಯಲ್ಲಿ ಹಾಗೇ ನಿಂತಿತು. ಆ ಕೈಯಿಂದ ಅವಳು ಟವೆಲನ್ನು ಇನ್ನೊಮ್ಮೆ ಸರಿಮಾಡಿಕೊಂಡಳು. ಮಗಳ ಕಪ್ಪು ಕೋಟನ್ನು ನೋಡಿದಳು, ಹಿಂದೆ ನಿಂತ ಬಿಳಿ ಜನರನ್ನು ನೋಡಿದಳು, ಮತ್ತೆ ಮಗಳ ಕಣ್ಣನ್ನು ನೋಡಿದಳು. ಕುರಿ ಸಂತೆಯಲ್ಲಿ ನಲವತ್ತು ವರ್ಷ ಎದುರಿನವರ ಮುಖ ಓದಿದವಳಿಗೆ ಇದನ್ನು ಓದಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

“ಊಂ ಕನವ್ವ,” ಎಂದಳು. “ಅದೊಂದೇ ನಂಗ್ ಬರೋದು.”

ಅಧಿಕಾರಿ ಕೇಳಿದ್ದನ್ನು ರಂಜನಿ ಕನ್ನಡದಲ್ಲಿ ಕೇಳಿದಳು. ಹಿಟ್ಟಿನೊಳಗೆ ಏನಿದೆ? ಉಪ್ಪುಕಂಡ. ಯಾವುದರ ಮಾಂಸ? ಕುರೀದು, ನಮ್ಮನೇದೇ, ಕಾಯಿಲೆ ಕಸಾಲೆ ಇಲ್ಲದ್ದು. ಯಾರು ಮಾಡಿದ್ದು? ನಾನೇ. ಒಂದೊಂದು ಉತ್ತರವನ್ನೂ ರಂಜನಿ ಇಂಗ್ಲಿಷಿಗೆ ತಿರುಗಿಸಿದಳು. ಅವಳ ಇಂಗ್ಲಿಷ್ ಎಲ್ಲಿಯೂ ತಡವರಿಸಲಿಲ್ಲ. ಅದೇ ಅವಳಿಗೆ ಅಸಹ್ಯವಾಯಿತು. ಒಳಗೆ ಇಷ್ಟು ಕುದಿಯುತ್ತಿರುವಾಗ ನಾಲಗೆ ಹೇಗೆ ಇಷ್ಟು ನೆಟ್ಟಗೆ ನಡೆಯುತ್ತದೆ?

ಯಾರಿಗಾಗಿ ತಂದದ್ದು ಎಂದು ಅಧಿಕಾರಿ ಕೇಳಿದ.

“ಇದು ಯಾರಿಗೆ?” ಎಂದಳು ರಂಜನಿ.

“ನನ್ ಮಗಳ್ಗೆ,” ಎಂದಳು ದೇವಮ್ಮ. ಅಧಿಕಾರಿಯನ್ನು ನೋಡಿಕೊಂಡೇ ಹೇಳಿದಳು. “ಹೊಟ್ಟೇಲಿದ್ದದ್ದು ಕಳ್ಕೊಂಡವ್ಳೆ. ಬಾಣಂತಿ ಲೆಕ್ಕವೇ ಅಲ್ವ ಅದೂ. ಬಾಯಿಗ್ ರುಚಿ ಇಲ್ಲ ಅಂದ್ಲು. ಅದಕ್ಕೆ ತಂದೆ.”

“ಅವರ ಮಗಳಿಗಂತೆ,” ಎಂದು ರಂಜನಿ ಇಂಗ್ಲಿಷಿನಲ್ಲಿ ಹೇಳಿದಳು. “ಮಗಳಿಗೆ ಹುಷಾರಿಲ್ಲವಂತೆ.” ಉಳಿದದ್ದನ್ನು ಬಿಟ್ಟುಬಿಟ್ಟಳು. ಅದು ಬಿಟ್ಟುಹೋದದ್ದು ಆ ಹಾಲಿನಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು.

ಹಾಗಾದರೆ ಇಲ್ಲ ಎಂದು ಯಾಕೆ ಸುಳ್ಳು ಹೇಳಿದಿರಿ, ಹಾಗೆ ಹೇಳಲು ಯಾರಾದರೂ ಹೇಳಿಕೊಟ್ಟರೇ ಎಂದು ಅಧಿಕಾರಿ ಕೇಳಿದ. ಈ ಪ್ರಶ್ನೆಯನ್ನು ಕನ್ನಡಕ್ಕೆ ತರುವಾಗ ಮಾತ್ರ ರಂಜನಿ ಎರಡು ಸಲ ತಪ್ಪಿ ಮತ್ತೆ ಶುರುಮಾಡಿದಳು. ಈಗಲಾದರೂ ಅವ್ವ ಹೆಸರು ಹೇಳಿಬಿಡಲಿ, ಇದು ಇಲ್ಲಿಗೆ ಮುಗಿಯಲಿ ಎಂದು ಒಂದು ಕಡೆ ಮನಸ್ಸು ಬೇಡಿತು. ಹೇಳದಿರಲಿ ಎಂದು ಇನ್ನೊಂದು ಕಡೆ. ದೇವಮ್ಮ ಕೇಳಿದ್ದು ಅರ್ಥವಾಗದವಳ ಹಾಗೆ ಅಧಿಕಾರಿಯ ಮುಖ ನೋಡಿ, ಊರಿನಲ್ಲಿ ಯಾರೋ ಅಂದರು, ಬಸ್ ಸ್ಟ್ಯಾಂಡಿನಲ್ಲಿ ಅಂದರು, ಯಾರು ಎನ್ನುವುದು ನೆನಪಿಲ್ಲ ಎಂದಳು. ಮಗಳು ಹೊರಗೆ ಬಂದಿದ್ದಾಳೆಯೇ ಎಂದು ಕೇಳಿದರೆ, ಅವಳು ಕೆಲಸಕ್ಕೆ ಹೋಗಿದ್ದಾಳೆ, ಅಳಿಯಂದಿರು ಬಂದಿರುತ್ತಾರೆ ಎಂದಳು. ಅದು ಸುಳ್ಳಾಗಿರಲಿಲ್ಲ. ರಂಜನಿ ಅದನ್ನೂ ಹಾಗೇ ತಿರುಗಿಸಿ ಹೇಳಿದಳು.

ದಂಡದ ಚೀಟಿ ಬರೆದರು. ರಾಗಿಹಿಟ್ಟಿಗೂ ಮಾಂಸ ತಾಗಿದೆಯೆಂದು ನಾಲ್ಕೂ ಪೊಟ್ಟಣಗಳನ್ನು ಪಕ್ಕಕ್ಕೆ ಇಟ್ಟುಕೊಂಡರು. ಹೆಬ್ಬೆಟ್ಟು ಒತ್ತಲು ಇಂಕ್ ಪ್ಯಾಡ್ ಎಲ್ಲಿ ಎಂದು ದೇವಮ್ಮ ಹುಡುಕಿದಳು. ಇಲ್ಲಿ ಸಹಿ ಹಾಕಿ ಎಂದು ರಂಜನಿ ಬೆರಳಿಟ್ಟು ತೋರಿಸಿದಳು. ಮಗಳು ಕಾಲೇಜಿಗೆ ಸೇರಿದ ವರ್ಷ ಅವಳಿಂದಲೇ ಕಲಿತ ಮೂರು ಅಕ್ಷರವನ್ನು ದೇವಮ್ಮ ಆ ಬೆರಳಿನ ಪಕ್ಕದಲ್ಲಿ ಒತ್ತಿ ಒತ್ತಿ ಬರೆದಳು. ಸೀರೆಗಳನ್ನು ತುರುಕಿ ಪೆಟ್ಟಿಗೆ ಮುಚ್ಚಿಕೊಂಡು, ಗಾಡಿ ತಳ್ಳುತ್ತ, ಬಾಗಿಲು ಎಲ್ಲಿದೆಯೆಂದು ಯಾರನ್ನೂ ಕೇಳದೆ ಜನ ಹೋಗುವ ಕಡೆ ಹೊರಟಳು. ತಿರುಗಿ ನೋಡಲಿಲ್ಲ. ತಿರುಗಿ ನೋಡಿದ್ದರೆ ರಂಜನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಆಮೇಲೆ ಅಧಿಕಾರಿ ಕೈಗವಸು ಕೊಟ್ಟು, ನೀವೇ ತೋರಿಸಿ ಡಾಕ್ಟರ್ ಎಂದ. ರಂಜನಿ ಹಿಟ್ಟು ಕೊಡವಿ ಉಪ್ಪುಕಂಡದ ಸರಗಳನ್ನು ಒಂದೊಂದಾಗಿ ಮೇಜಿನ ಮೇಲೆ ಮಲಗಿಸಿದಳು. ತುಂಡುಗಳನ್ನು ಬಿಳಿಯ ಹತ್ತಿ ದಾರದಲ್ಲಿ ಪೋಣಿಸಿತ್ತು, ದಾರದ ತುದಿಗೆ ಅವ್ವ ಹಾಕುವ ಎರಡೆಳೆಯ ಗಂಟು. ಇದನ್ನು ಹೇಗೆ ಮಾಡುತ್ತಾರೆ ಎಂದು ಊನಾ ಕೇಳಿದರು. ಮಾಂಸವನ್ನು ಉದ್ದಕ್ಕೆ ಸೀಳಿ, ಉಪ್ಪು ಅರಿಸಿನ ಒಣಮೆಣಸಿನ ಪುಡಿ ಹಚ್ಚಿ, ಒಂದು ರಾತ್ರಿ ನೀರು ಬಸಿಯಲು ಬಿಟ್ಟು, ಮರುದಿನದಿಂದ ಏಳೆಂಟು ಬಿಸಿಲು ಕಾಯಿಸುತ್ತಾರೆ, ಕಾಗೆ ಬರದ ಹಾಗೆ ಯಾರಾದರೂ ಕೋಲು ಹಿಡಿದು ಕೂತಿರಬೇಕು ಎಂದು ರಂಜನಿ ಹೇಳಿದಳು. ಹೇಳಿ ಮುಗಿಸಿದ ಮೇಲೆ, ಇಷ್ಟು ಹೇಳಬಾರದಿತ್ತು ಎನಿಸಿತು.

ನೀವೂ ಕೋಲು ಹಿಡಿದು ಕೂತಿದ್ದೀರೇನೋ ಎಂದು ಊನಾ ನಕ್ಕರು.

“ಇಲ್ಲ. ಓದಿದ್ದೇನೆ,” ಎಂದಳು ರಂಜನಿ.

ಊನಾ ಅವಳ ಮುಖವನ್ನು ಒಂದು ಗಳಿಗೆ ನೋಡಿದರು. ಏನಾದರೂ ಅರ್ಥವಾಯಿತೋ ಇಲ್ಲವೋ ಹೇಳಲಾಗದು. ಪಾಪ, ಆ ಮಗಳಿಗೆ ಇದು ಸಿಕ್ಕಬೇಕಿತ್ತು ಎಂದಷ್ಟೇ ಹೇಳಿ, ಪೆನ್ನಿನ ಮುಚ್ಚಳ ಹಾಕಿದರು. ಕುನಾಲ್‌ಗೆ ಮಾತ್ರ ಉತ್ಸಾಹ ತಡೆಯಲಾಗಲಿಲ್ಲ. ಇದನ್ನು ಕೈಪಿಡಿಯಲ್ಲಿ ಒಂದು ಉದಾಹರಣೆಯಾಗಿ ಹಾಕೋಣ, ಹಿಟ್ಟಿನಲ್ಲಿ ಹುದುಗಿಸಿದ್ದು, ಮೂರು ಸಲ ಸುಳ್ಳು ಹೇಳಿದ್ದು, ಎಲ್ಲವೂ ಬರಲಿ, ಸೋಮವಾರಕ್ಕೆ ಬರೆದುಕೊಡು ಎಂದ. ರಂಜನಿ ಆಗಲಿ ಎಂದಳು. ಅಧಿಕಾರಿ ಹಳದಿ ತೊಟ್ಟಿಯ ಮುಚ್ಚಳ ಎತ್ತಿ ಹಿಡಿದ. ಸುಡಲು ಕಳಿಸುವ ತೊಟ್ಟಿ. ನಾಲ್ಕು ಸರಗಳನ್ನೂ ಅವಳೇ ಅದರೊಳಗೆ ಬಿಟ್ಟಳು.

ಐರ್ಲೆಂಡಿನವರ ಬಸ್ಸು ಮ್ಯಾನ್‌ಹಟನ್ ಕಡೆ ಹೊರಟ ಮೇಲೆ ಅವಳು ಹೆಂಗಸರ ಶೌಚಾಲಯದಲ್ಲಿ ಬಹಳ ಹೊತ್ತು ಕೈ ತೊಳೆದಳು. ಕೈಗವಸು ಇದ್ದುದರಿಂದ ಕೈಗೆ ಏನೂ ಅಂಟಿರಲಿಲ್ಲ. ಕನ್ನಡಿಯನ್ನು ನೋಡಲು ಮನಸ್ಸಾಗಲಿಲ್ಲ. ಅವ್ವನ ಕಾಲು ಹಿಡಿದುಬಿಡಬೇಕು, ಕಶ್ಯಪ್‌ನ ಎದುರಿಗೇ ಹೇಳಿಬಿಡಬೇಕು ಎಂದು ಗಟ್ಟಿ ಮಾಡಿಕೊಂಡು ಹೊರಗೆ ಬಂದಳು. ಆಗಮನದ ಬಾಗಿಲಿನ ಎದುರು, ಕಾಫಿ ಅಂಗಡಿಯ ಪಕ್ಕದ ಬೆಂಚಿನಲ್ಲಿ ಇಬ್ಬರೂ ಕೂತಿದ್ದರು. ಅವಳನ್ನು ಕಂಡು ಕಶ್ಯಪ್ ಎದ್ದುನಿಂತು, ಇದೇನು ಇಲ್ಲಿ, ಸೀಕಾಕಸ್‌ನಲ್ಲಿ ಇರಬೇಕಾದವಳು ಎಂದು ಆಶ್ಚರ್ಯಪಟ್ಟ.

“ಬೇಗ ಮುಗೀತು. ಟ್ರೇನ್ ಹಿಡ್ಕೊಂಡು ಬಂದೆ,” ಎಂದಳು ರಂಜನಿ.

ಗಟ್ಟಿ ಮಾಡಿಕೊಂಡದ್ದು ಎಲ್ಲಿಗೆ ಹೋಯಿತೋ. ಒಂದು ಸುಳ್ಳಿಗೆ ಇನ್ನೊಂದು ತಾನಾಗಿ ಬಂದು ಜೋಡಿಯಾಯಿತು. ದೇವಮ್ಮ ಬೆಂಚಿನಿಂದ ಮೆಲ್ಲಗೆ ಎದ್ದಳು. ಈಗಷ್ಟೇ ಮೊದಲ ಸಲ ಕಂಡವಳ ಹಾಗೆ ಮಗಳ ಎರಡೂ ಕೆನ್ನೆ ಸವರಿ ನೆಟಿಗೆ ತೆಗೆದಳು. ಬಂದ್ಯಾ ಕೂಸೆ ಎಂದಳು. ರಂಜನಿ ಅವಳ ಭುಜದಲ್ಲಿ ಮುಖ ಹುದುಗಿಸಿ ಬಿಕ್ಕಿ ಬಿಕ್ಕಿ ಅತ್ತಳು. ಎಂಟು ವರ್ಷವಾಯಿತಲ್ಲ ಪಾಪ ಎಂದು ಕಶ್ಯಪ್ ಬೇರೆ ಕಡೆ ನೋಡುತ್ತ ನಿಂತ.

ಕಾರಿನಲ್ಲಿ ದೇವಮ್ಮ ಹಿಂದಿನ ಸೀಟಿಗೇ ಹಟ ಹಿಡಿದಳು. ರಂಜನಿ ಮುಂದೆ ಕೂತಳು. ಟರ್ನ್‌ಪೈಕ್ ಹೆದ್ದಾರಿ ಹತ್ತಿದ ಮೇಲೆ ಕಶ್ಯಪ್ ಕನ್ನಡಿಯಲ್ಲಿ ಹಿಂದಕ್ಕೆ ನೋಡಿ, ಅತ್ತೆಗೆ ಇವತ್ತು ಬಹಳ ತೊಂದರೆಯಾಯಿತಂತೆ, ಎಲ್ಲ ಕಿತ್ತುಕೊಂಡರಂತೆ, ದಂಡ ಬೇರೆ ಹಾಕಿದ್ದಾರೆ ಎಂದು ಹೆಂಡತಿಗೆ ವರದಿ ಒಪ್ಪಿಸಿದ.

“ತೊಂದ್ರೆ ಏನಿಲ್ಲ ಕನಪ್ಪ,” ಎಂದಳು ದೇವಮ್ಮ. “ಒಳಗೆ ನಮ್ ಕಡೆ ಹುಡ್ಗಿ ಒಬ್ಳು ಇದ್ಲು. ದೊಡ್ ಆಫೀಸರ್ ಇರ್ಬೇಕು, ಎಲ್ರೂ ಅವ್ಳ ಮಾತ್ನೇ ಕೇಳ್ತಿದ್ರು. ಅವ್ಳೇ ನಂಗೆ ಎಲ್ಲಾನೂ ಕನ್ನಡ್‌ದಲ್ಲಿ ಬಿಡ್ಸಿ ಹೇಳಿದ್ಲು. ಅವ್ಳಿಲ್ದಿದ್ರೆ ಇಷ್ಟೊತ್ತಿಗೆ ಬಿಡ್ತಿರ್ಲಿಲ್ಲ.”

ಕಶ್ಯಪ್‌ಗೆ ಖುಷಿಯಾಯಿತು. ಹೆಸರು ಕೇಳಿದಿರಾ, ನಮ್ಮ ಕನ್ನಡ ಸಂಘದವರೇ ಯಾರೋ ಇರಬೇಕು, ಹುಡುಕಿ ಒಂದು ದಿನ ಊಟಕ್ಕೆ ಕರೆಯೋಣ ಎಂದ. ಅಲ್ಲವಾ ರಂಜು ಎಂದು ಹೆಂಡತಿಯ ಕಡೆ ನೋಡಿದ. ರಂಜನಿ ಎದುರಿನ ಟ್ರಕ್ಕಿನ ಹಿಂಬಾಗಿಲನ್ನೇ ನೋಡುತ್ತಿದ್ದಳು.

“ಹೆಸ್ರು ಕೇಳ್ಲಿಲ್ಲ,” ಎಂದಳು ದೇವಮ್ಮ. “ಕೆಲ್ಸ ಮಾಡೋರ್ನ ಯಾಕೆ ತಡೀಬೇಕು.” ಮತ್ತೆ ಹೇಳಿದಳು. “ಬಾಳ ಸೊರಗೋಗವ್ಳೆ ಕನಪ್ಪ ಆ ಹುಡ್ಗಿ. ಕತ್ತಿನ ಮೂಳೆ ಕಾಣ್ತದೆ. ನೋಡ್ಕೊಳೋರು ಯಾರೂ ಇಲ್ವೋ ಏನೋ.”

ರಂಜನಿ ಒಂದು ಕೈಯಿಂದ ಬಾಯಿ ಮುಚ್ಚಿಕೊಂಡಳು. ಕಶ್ಯಪ್ ಲೇನ್ ಬದಲಿಸಲು ಎಡಕ್ಕೆ ನೋಡುತ್ತಿದ್ದ. ಆಗ ಹಿಂದಿನಿಂದ ಅವ್ವನ ಕೈ ಬಂದು ಅವಳ ಕತ್ತನ್ನು ಮುಟ್ಟಿತು. ಒಳಗೆ ಹೋಗುವಾಗ ಕತ್ತಿಗೆ ಹಾಕಿಕೊಳ್ಳಲು ಕೊಟ್ಟಿದ್ದ ಪಾಸನ್ನು ರಂಜನಿ ಹಿಂದಿರುಗಿಸಲು ಮರೆತಿದ್ದಳು. ಪಾಸು ಕೋಟಿನೊಳಗೆ ಅಡಗಿತ್ತು, ಆದರೆ ವಿಮಾನ ನಿಲ್ದಾಣದ ಹೆಸರು ಅಚ್ಚಾದ ಅದರ ನೀಲಿ ಪಟ್ಟಿ ಕೋಟಿನ ಮೇಲೆ, ಜಡೆಯ ಕೆಳಗೆ, ಎದ್ದು ಕಾಣುತ್ತಿತ್ತು. ಅಳಿಯ ಈ ಕಡೆ ತಿರುಗುವ ಮೊದಲು, ಆ ಒರಟು ಬೆರಳುಗಳು ಪಟ್ಟಿಯನ್ನು ಅಲ್ಲಿಷ್ಟು ಇಲ್ಲಿಷ್ಟು ಕಾಲರಿನೊಳಕ್ಕೆ ಇಳಿಬಿಟ್ಟು, ಮೇಲೆ ಕೋಟನ್ನು ಸರಿಮಾಡಿ, ಹಿಂದಕ್ಕೆ ಹೋದವು.